ಬರೆಯುವ ಕೈಗೂ ಕೂಲಿ ಬೇಕು

(ಹರಿಹರದಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ದಾವಣಗೆರೆಯಲ್ಲಾಗಲಿ, ನಿಮ್ಮ ಈ ಹರಿಹರದಲ್ಲಾಗಲಿ, ಪಾಳಿ ಮುಗಿಸಿ ಬಂದ ಹುಡುಗರು ರಾತ್ರಿ ಕುಳಿತು ಮೊಬೈಲಿನಲ್ಲಿ ಕಥೆ ಬರೆಯುತ್ತಾರೆ. “ಮೇಷ್ಟ್ರೇ, ಇದರಿಂದ ಹೊಟ್ಟೆ ತುಂಬೀತೆ?” ಎಂದು ನಮ್ಮನ್ನು ಕೇಳುತ್ತಾರೆ. ಶಾಲೆ ಬಿಟ್ಟು ಸಂಘಟನೆಗೆ ಬಂದ ನಾವು ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲಾರೆವು.

ಹೊಳೆಯಾಚೆ, ಹಾವೇರಿ ಸೀಮೆಯಲ್ಲಿ, ನಮ್ಮಂತೆಯೇ ಒಬ್ಬ ಮೇಷ್ಟರಿದ್ದರು. ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ನಾಡು ಅವರನ್ನು ಗಳಗನಾಥರೆಂದು ಕರೆಯಿತು. ನೌಕರಿ ಬಿಟ್ಟು ಬರವಣಿಗೆಯನ್ನೇ ನೆಚ್ಚಿದರು. 1907ರಲ್ಲಿ ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು. ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. 1942ರಲ್ಲಿ ತೀರಿಕೊಳ್ಳುವವರೆಗೂ ಬಡತನ ಅವರನ್ನು ಬಿಡಲಿಲ್ಲ, ನಿಜ. ಆದರೆ ಓದುಗ ಕೊಟ್ಟ ಕಾಸು ನೇರವಾಗಿ ಅವರ ಕೈಗೆ ಬೀಳುತ್ತಿತ್ತು. ಓದುಗನ ಮನೆ ಯಾವ ಓಣಿಯಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು.

ಇಂದು ಗಂಟು ಹೊರಬೇಕಾಗಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯಂಥ ತಾಣಗಳಲ್ಲಿ ಯಾರು ಬೇಕಾದರೂ ಬರೆಯಬಹುದು. ಇದು ದೊಡ್ಡ ಲಾಭವೇ ಸರಿ. ಆದರೆ ಯೂಟ್ಯೂಬಿನಲ್ಲಿ ಕಥೆ ಹೇಳಿ ನೋಡಿ: ಉದ್ದದ ವೀಡಿಯೊಗಳಿಗೆ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು, 12 ತಿಂಗಳಲ್ಲಿ 4,000 ಗಂಟೆ ಜನ ನೋಡಿರಬೇಕು. ಈ ಲೆಕ್ಕ ಹಾಕಿದವರು ಯಾರು? ಬರೆದವನಲ್ಲ, ಕೇಳಿದವನೂ ಅಲ್ಲ. ತೂಕವನ್ನೂ ದರವನ್ನೂ ದಲಾಲಿಯೊಬ್ಬನೇ ಗೊತ್ತುಮಾಡಿದರೆ ಏನಾಗುತ್ತದೆಂದು ವ್ಯಾಪಾರಿಗಳಾದ ನಿಮಗೆ ನಾವು ಹೇಳಬೇಕೆ?

ಆದ್ದರಿಂದ ಮೂರು ಮಾತು.

ಮೊದಲನೆಯದು, ಮೊದಲ ಮೆಚ್ಚುಗೆಗೇ ಕೆಲಸ ಬಿಡಬೇಡಿ. ಹಾಸನದ ಬಾನು ಮುಷ್ತಾಕ್ ಅವರು ವಕೀಲಿ ಮಾಡುತ್ತಲೇ ಕಥೆ ಬರೆದವರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಆ 50,000 ಪೌಂಡಿನಲ್ಲಿ ಅನುವಾದಿಸಿದ ದೀಪಾ ಭಾಸ್ತಿಯವರಿಗೂ ಸಮಪಾಲು. ದುಡಿದವರಿಬ್ಬರಿಗೂ ಸರಿಪಾಲು ಎಂಬ ಈ ನ್ಯಾಯವನ್ನು ನೆನಪಿಡಿ.

ಎರಡನೆಯದು, ಒಪ್ಪಿಗೆಯ ಗುಂಡಿ ಒತ್ತುವ ಮುನ್ನ ಕರಾರು ಓದಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನಿಮ್ಮ ಹಕ್ಕು ಇನ್ನೊಬ್ಬರ ಪಾಲಾಗಬೇಕಾದರೆ ಬರಹದಲ್ಲಿ ನಿಮ್ಮ ಸಹಿ ಬೇಕು. ಅವಧಿ ಕಾಣಿಸದಿದ್ದರೆ ಅದು ಐದೇ ವರ್ಷ. ಹಾಜರಿ ಪುಸ್ತಕ ನೋಡದೆ ಸಂಬಳಕ್ಕೆ ಸಹಿ ಹಾಕುತ್ತೀರಾ? ಇದೂ ಹಾಗೆಯೇ.

ಮೂರನೆಯದು, ಒಬ್ಬೊಬ್ಬರೇ ಹೋಗಬೇಡಿ. ಕೇರಳದ ಕೋಟ್ಟಯಂನಲ್ಲಿ 1945ರಲ್ಲಿ 12 ಮಂದಿ ಬರಹಗಾರರು 120 ರೂಪಾಯಿ ಬಂಡವಾಳ ಹೂಡಿ ತಮ್ಮದೇ ಸಹಕಾರ ಸಂಘ ಕಟ್ಟಿ, ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಬರೆಯುವವರು ಹತ್ತು ಜನ ಇಲ್ಲಿಯೂ ಸಿಕ್ಕಾರು. ಒಂದು ಲೆಕ್ಕದ ಪುಸ್ತಕವಿಡಿ. ಓದುಗರ ಹೆಸರು, ವಿಳಾಸ ನಿಮ್ಮ ಕೈಯಲ್ಲೇ ಇರಲಿ. ತಾಣ ನಾಳೆ ಮುಚ್ಚಿದರೂ ಓದುಗ ನಿಮ್ಮವನಾಗಿಯೇ ಉಳಿಯುತ್ತಾನೆ.

ಹೊಟ್ಟೆ ತುಂಬೀತೆ? ಒಂದೇ ದಿನದಲ್ಲಿ ಇಲ್ಲ. ಆದರೆ ನೂಲುವ ಕೈಗೆ ಕೂಲಿ ಉಂಟಾದರೆ ಬರೆಯುವ ಕೈಗೂ ಉಂಟು. ಕೇಳದೆ ಯಾವ ಕೂಲಿಯೂ ಬಂದಿಲ್ಲ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು?