ಅಂಗಡಿ ಮುಚ್ಚಿದ ಮೇಲೂ ಉರಿಯುವ ಸ್ವಿಚ್

ಲೆಕ್ಕಪರಿಶೋಧಕರ ಕಚೇರಿ, ಔಷಧದಂಗಡಿ, ರಕ್ತಪರೀಕ್ಷೆಯ ಲ್ಯಾಬ್, ಮುದ್ರಣಾಲಯ ಹೀಗೆ ಎಲ್ಲಿ ನೋಡಿದರೂ ಒಂದು ಮೂಲೆಯಲ್ಲಿ ಹಸಿರು ದೀಪ ಮಿನುಗಿಸುವ ಪುಟ್ಟ ಪೆಟ್ಟಿಗೆ ಕಾಣುತ್ತದೆ. ಅದೇ ನೆಟ್‌ವರ್ಕ್ ಸ್ವಿಚ್. ಕಂಪ್ಯೂಟರ್, ಪ್ರಿಂಟರ್, ಬಿಲ್ಲಿಂಗ್ ಯಂತ್ರ, ಕ್ಯಾಮೆರಾಗಳನ್ನು ಒಂದಕ್ಕೊಂದು ಬೆಸೆಯುವುದು ಅದರ ಕೆಲಸ. ರಾತ್ರಿ ಫ್ಯಾನು, ದೀಪ ಆರಿಸಿ ಬಾಗಿಲು ಹಾಕುವವರು ಇದನ್ನು ಮಾತ್ರ ಸಾಮಾನ್ಯವಾಗಿ ಆರಿಸುವುದಿಲ್ಲ.

ದಿನಕ್ಕೆ 10 ಗಂಟೆಯಂತೆ ವಾರಕ್ಕೆ 6 ದಿನ ತೆರೆದಿರುವ ಕಚೇರಿಯೊಂದರ ಲೆಕ್ಕ ಹಾಕೋಣ. ವಾರದ 168 ಗಂಟೆಗಳಲ್ಲಿ 108 ಗಂಟೆ ಅಲ್ಲಿ ಯಾರೂ ಇರುವುದಿಲ್ಲ. 20 ವಾಟ್ ಎಳೆಯುವ ಸ್ವಿಚ್ಚು ಹಗಲೂ ರಾತ್ರಿ ಉರಿದರೆ ವರ್ಷಕ್ಕೆ ಸುಮಾರು 175 ಯೂನಿಟ್ ಖರ್ಚಾಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಬೀಗ ಹಾಕಿದ ಮೇಲಿನ ಖರ್ಚು.

ಮಾಹಿತಿಯೇ ಹರಿಯದಾಗ ವಿದ್ಯುತ್ತು ಏಕೆ ಬೇಕು? ಈ ಸಾಧನಗಳನ್ನು ಬೆಸೆಯುವ ತಾಮ್ರದ ತಂತಿಯ ಗಿಗಾಬಿಟ್ ಈಥರ್ನೆಟ್‌ಗೆ 1999ರಲ್ಲಿ ರೂಪುಗೊಂಡ ಮಾನದಂಡದ ಪ್ರಕಾರ, ತಂತಿಯ ಎರಡೂ ತುದಿಯ ಚಿಪ್‌ಗಳು ತಾಳ ತಪ್ಪದಿರಲು ಬಿಡುವಿಲ್ಲದೆ ಸಂಕೇತ ಕಳಿಸುತ್ತಲೇ ಇರಬೇಕು. ಕಳಿಸಲು ಒಂದಕ್ಷರ ಇಲ್ಲದಿದ್ದರೂ ಖಾಲಿ ಸಂಕೇತ ಓಡುತ್ತಿರುತ್ತದೆ. ಪ್ರಯಾಣಿಕರಿಲ್ಲದ ನಿಲ್ದಾಣದಲ್ಲಿ ಎಂಜಿನ್ ಆರಿಸದೆ ನಿಂತ ಬಸ್ಸಿನ ಹಾಗೆ.

ಅಮೆರಿಕದ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದ ಬ್ರೂಸ್ ನಾರ್ಡ್‌ಮನ್ ಮತ್ತು ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ಕೆನ್ ಕ್ರಿಸ್ಟೆನ್ಸನ್ ಈ ಪೋಲಿನತ್ತ ಗಮನ ಸೆಳೆದರು. ಬಿಡುವಿದ್ದಾಗ ವೇಗ ತಗ್ಗಿಸಬೇಕೆಂಬುದು ಅವರ ಸಲಹೆಯಾಗಿತ್ತು. ಕೊನೆಗೆ ಒಪ್ಪಿಗೆಯಾದದ್ದು ಇನ್ನೊಂದು ದಾರಿ: ಕೆಲಸವಿಲ್ಲದಾಗ ಮಲಗುವುದು, ಆಗಾಗ ಒಂದು ಕಿರುಸಂಕೇತದಿಂದ ಸಂಪರ್ಕ ಉಳಿಸಿಕೊಳ್ಳುವುದು. 2010ರಲ್ಲಿ ಐಇಇಇ ಸಂಸ್ಥೆ ಇದನ್ನು 802.3ಎಝಡ್ ಎಂಬ ಮಾನದಂಡವಾಗಿ ಅಂಗೀಕರಿಸಿತು. ಗಿಗಾಬಿಟ್ ಸಂಪರ್ಕ ಎಚ್ಚರಗೊಳ್ಳಲು ಬೇಕಾಗುವುದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 17ಕ್ಕೂ ಕಡಿಮೆ. ಬಿಲ್ ಹಾಕುವವರಿಗೆ ಅದು ಗೊತ್ತೇ ಆಗದು.

ಆದರೆ ಒಂದು ಷರತ್ತಿದೆ. ತಂತಿಯ ಎರಡೂ ತುದಿಯ ಸಾಧನಗಳಿಗೆ ಈ ವಿದ್ಯೆ ತಿಳಿದಿರಬೇಕು. ಸ್ವಿಚ್ ಹೊಸದಾಗಿದ್ದು ಕಂಪ್ಯೂಟರ್ ತೀರಾ ಹಳೆಯದಾದರೆ ಆ ತಂತಿಯಲ್ಲಿ ಉಳಿತಾಯವಿಲ್ಲ. ಕ್ಷಣದ ಏರುಪೇರನ್ನೂ ಸಹಿಸದ ಕೆಲಸಗಳಿಗೆ ಇದು ಒಗ್ಗುವುದೂ ಇಲ್ಲ. ಧ್ವನಿಮುದ್ರಣ ಕೇಂದ್ರಗಳಲ್ಲಿ ಬಳಸುವ ಡ್ಯಾಂಟೆ ಧ್ವನಿಜಾಲದ ತಯಾರಕರು ಈ ಸೌಲಭ್ಯವನ್ನು ಆರಿಸಿಡಲು ಹೇಳುತ್ತಾರೆ.

ಇನ್ನೂ ದೊಡ್ಡ ಖರ್ಚು ಬೇರೆಡೆ ಇದೆ. ಕ್ಯಾಮೆರಾ, ಫೋನ್, ವೈಫೈ ಸಾಧನಗಳಿಗೆ ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಉಣಿಸುವ ಪಿಒಇ ಸ್ವಿಚ್‌ಗಳಿವೆ. 2003ರ ಮಾನದಂಡದಂತೆ ಒಂದು ಪೋರ್ಟ್, ಅಂದರೆ ತಂತಿ ಸಿಕ್ಕಿಸುವ ಕಿಂಡಿ, 15.4 ವಾಟ್‌ವರೆಗೆ ಕೊಡಬಲ್ಲದು. 2009ರಲ್ಲಿ ಅದು 30 ವಾಟ್‌ಗೆ ಏರಿತು. ಕಾವಲಿನ ಕ್ಯಾಮೆರಾ ರಾತ್ರಿಯೂ ನಡೆಯಲೇಬೇಕು, ನಿಜ. ಆದರೆ ಮೇಜಿನ ಮೇಲಿನ ಫೋನಿಗೂ ಗ್ರಾಹಕರ ವೈಫೈಗೂ ಮಧ್ಯರಾತ್ರಿ ಕೆಲಸವಿಲ್ಲ. ಸೆಟ್ಟಿಂಗ್ ಬದಲಿಸಬಹುದಾದ ಹಲವು ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಯಾವ ಪೋರ್ಟಿಗೆ ಯಾವ ಹೊತ್ತಿನಲ್ಲಿ ವಿದ್ಯುತ್ ಕೊಡಬೇಕೆಂದು ವೇಳಾಪಟ್ಟಿ ಹಾಕಿಡಬಹುದು.

ಉಳಿತಾಯದ ಲಾಭ ಬಿಲ್ಲಿನಲ್ಲಷ್ಟೇ ಅಲ್ಲ. ಸ್ವಿಚ್ ಕಡಿಮೆ ಎಳೆದಷ್ಟೂ ಕರೆಂಟ್ ಹೋದಾಗ ಯುಪಿಎಸ್ ಹೆಚ್ಚು ಹೊತ್ತು ಬರುತ್ತದೆ. ಪೆಟ್ಟಿಗೆ ಬಿಸಿಯಾಗುವುದೂ ಕಡಿಮೆ.

ಹಾಗಾಗಿ ಮುಂದಿನ ಸಲ ಸ್ವಿಚ್ ಕೊಳ್ಳುವ ವ್ಯಾಪಾರಿಗಳು ಬೆಲೆಯ ಜೊತೆಗೆ ಮೂರು ಪ್ರಶ್ನೆ ಕೇಳಲಿ: 802.3ಎಝಡ್ ಇದೆಯೇ, ಬಿಡುವಿನಲ್ಲಿ ಎಷ್ಟು ವಾಟ್ ಎಳೆಯುತ್ತದೆ, ನಮಗೆ ನಿಜವಾಗಿ ಎಷ್ಟು ಪೋರ್ಟ್ ಬೇಕು. ಎಂಟು ಸಾಕಾಗುವ ಕಡೆ ಇಪ್ಪತ್ತನಾಲ್ಕು ಪೋರ್ಟಿನ ಪೆಟ್ಟಿಗೆಯನ್ನು ದಯವಿಟ್ಟು ತರಬೇಡಿ.