ತುಂಬಿ ತುಳುಕುವ ಅಂಚೆಪೆಟ್ಟಿಗೆ



ನಿಮ್ಮಲ್ಲಿ ಕೆಲವರು ನಾಳೆ ಯಾವುದಾದರೂ ಕಂಪನಿಯ ಕಂಪ್ಯೂಟರ್ ವಿಭಾಗದ ಹೊಣೆ ಹೊರುವವರು. ಅಲ್ಲಿ ನಿಮ್ಮ ಬಳಿ ಆಗಾಗ ಬರುವ ದೂರು, "ಸಾರ್, ನನಗೆ ಇ-ಮೇಲ್ ಬರುತ್ತಿಲ್ಲ" ಎಂಬುದು. ಹೋಗಿ ನೋಡಿದರೆ ಎಷ್ಟೋ ಸಲ ಪೆಟ್ಟಿಗೆ ತುಂಬಿರುತ್ತದೆ, ಅಷ್ಟೇ.

ಒಬ್ಬರ ಪೆಟ್ಟಿಗೆ ತುಂಬಿದರೆ ತೊಂದರೆ ಅವರೊಬ್ಬರಿಗೇ ಎಂದು ತಿಳಿಯಬೇಡಿ. ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ 2003ರ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಎಲ್ಲ ನೌಕರರ ಪತ್ರಗಳೂ ಸೇರಿ 16 ಜಿಬಿ ಮಾತ್ರ ಇರಬಹುದಿತ್ತು. ಅದು ಮುಗಿದರೆ ಡೇಟಾಬೇಸ್ ಮುಚ್ಚಿಕೊಂಡು ಇಡೀ ಆಫೀಸಿನ ಅಂಚೆ ನಿಲ್ಲುತ್ತಿತ್ತು. 2005ರಲ್ಲಿ ಬಂದ ಎರಡನೆಯ ಸರ್ವೀಸ್ ಪ್ಯಾಕ್ ಅದನ್ನು 75 ಜಿಬಿಗೆ ಏರಿಸಿತು. ಈಗಿನ ಮಿತಿಗಳು ದೊಡ್ಡವು. ಆದರೆ ಅಟ್ಟ ದೊಡ್ಡದಾದಷ್ಟೂ ಸಾಮಾನು ಹೆಚ್ಚುವುದನ್ನು ನಾವು ಮನೆಗಳಲ್ಲೇ ಕಂಡಿದ್ದೇವೆ!

ಜಾಗ ತಿನ್ನುವುದು ಬರಹವಲ್ಲ, ಲಗತ್ತು. ನಾಲ್ಕು ಸಾಲಿನ ಪತ್ರ ಕೆಲವೇ ಕೆಬಿ. 5 ಎಂಬಿಯ ಫೋಟೋ ಒಂದನ್ನು ಲಗತ್ತಿಸಿದರೆ, ಅಕ್ಷರರೂಪಕ್ಕೆ ತಿರುಗಿ ಪ್ರಯಾಣಿಸುವಾಗ ಅದು ಮೂರನೇ ಒಂದು ಪಾಲು ಹಿಗ್ಗುತ್ತದೆ. 40 ಜನರಿಗೆ ಕಳಿಸಿದರೆ 40 ಪೆಟ್ಟಿಗೆಗಳಲ್ಲಿ ಕೂರುತ್ತದೆ. ಹಿಂದೆ ಎಕ್ಸ್‌ಚೇಂಜ್ ಒಂದೇ ಡೇಟಾಬೇಸಿನಲ್ಲಿದ್ದವರಿಗೆಲ್ಲ ಒಂದೇ ಪ್ರತಿ ಇಟ್ಟು ಜಾಗ ಉಳಿಸುತ್ತಿತ್ತು. 2010ರ ಆವೃತ್ತಿಯಿಂದ ಆ ಏರ್ಪಾಡು ಇಲ್ಲ. ಕಳಿಸಿದವರ 'ಸೆಂಟ್ ಐಟಮ್ಸ್'ನಲ್ಲಿ ಇನ್ನೊಂದು ಪ್ರತಿ ಇರುವುದನ್ನೂ ಮರೆಯಬೇಡಿ. ಆ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಸರ್ವರ್‌ನಲ್ಲಿ ಮೂರು ಗೆರೆ ಎಳೆಯಬಹುದು: ಮೊದಲನೆಯದು ಎಚ್ಚರಿಕೆ, ಎರಡನೆಯದು ಕಳಿಸದಂತೆ ತಡೆ, ಮೂರನೆಯದು ಕಳಿಸಲೂ ಪಡೆಯಲೂ ತಡೆ. ಮೂರನೆಯದನ್ನು ಹಾಕುವಾಗ ಯೋಚಿಸಿ. ಆಗ ಹೊರಗಿನ ಗ್ರಾಹಕನ ಆರ್ಡರ್ ಸಹ ವಾಪಸಾಗುತ್ತದೆ. ಆತನ ತಪ್ಪೇನು?

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಗೆರೆ ಬಿಗಿಮಾಡಿ ನೀವು ಸುಮ್ಮನಾದರೆ ನೌಕರರು ಹಳೆಯ ಪತ್ರಗಳನ್ನು ಔಟ್‌ಲುಕ್‌ನ ಪಿಎಸ್‌ಟಿ ಫೈಲಿಗೆ ಸಾಗಿಸುತ್ತಾರೆ. ಸರ್ವರ್ ಹಗುರಾಯಿತೆಂದು ನಿಮಗೆ ಸಂತೋಷ. ಆದರೆ ಹತ್ತು ವರ್ಷದ ಲೆಕ್ಕಪತ್ರ ಈಗ ಒಬ್ಬರ ಮೇಜಿನ ಹಾರ್ಡ್ ಡಿಸ್ಕ್‌ನಲ್ಲಿದೆ, ಬ್ಯಾಕಪ್ ಇಲ್ಲದೆ. ಹಳೆಯ ಮಾದರಿಯ ಪಿಎಸ್‌ಟಿ 2 ಜಿಬಿ ದಾಟಿದರೆ ಕೆಟ್ಟೇ ಹೋಗುತ್ತಿತ್ತು. ನನ್ನ ಮಟ್ಟಿಗೆ, ತುಂಬಿದ ಸರ್ವರ್‌ಗಿಂತ ಇದು ಕೆಟ್ಟದ್ದು.

ಹಾಗಾದರೆ ಏನು ಮಾಡಬೇಕು? ಮೊದಲು ಗಾತ್ರದ ಪಟ್ಟಿ ತೆಗೆಯಿರಿ. ಸಾಮಾನ್ಯವಾಗಿ ಭಾರ ಕೆಲವೇ ಜನರದು. ಅವರ ಪಕ್ಕ ಕುಳಿತು ಔಟ್‌ಲುಕ್‌ನಲ್ಲಿ ಪತ್ರಗಳನ್ನು ಗಾತ್ರದ ಪ್ರಕಾರ ಜೋಡಿಸಿ ತೋರಿಸಿ. ಬೇಕಾದ ಲಗತ್ತನ್ನು ಬ್ಯಾಕಪ್ ಆಗುವ ಹಂಚಿಕೆಯ ಫೋಲ್ಡರಿಗೆ ಹಾಕಿಸಿ, ಮುಂದೆ ಫೈಲಿನ ಬದಲು ಅದರ ಕೊಂಡಿ ಕಳಿಸಲು ಕಲಿಸಿ. ಅಳಿಸುವ ಕೈ ಮಾತ್ರ ಅವರದೇ ಇರಲಿ. ಯಾವ ಪತ್ರ ನಾಳೆ ಸಾಕ್ಷಿಯಾಗುತ್ತದೋ ನಮಗೆ ಗೊತ್ತಿರುವುದಿಲ್ಲ. ಲೆಕ್ಕ, ಕರಾರು, ಸಂಬಳದ ಪತ್ರಗಳನ್ನು ಎಷ್ಟು ವರ್ಷ ಇಡಬೇಕೆಂಬುದನ್ನು ಆಡಳಿತದವರಿಂದ ಬರೆಸಿಕೊಳ್ಳಿ.

ಅಳಿಸಿದ ಕೂಡಲೇ ಡಿಸ್ಕ್‌ನಲ್ಲಿ ಜಾಗ ಕಾಣದಿದ್ದರೆ ಗಾಬರಿ ಬೇಡ. ಎಕ್ಸ್‌ಚೇಂಜ್ ಅಳಿಸಿದ್ದನ್ನೂ ಕೆಲವು ದಿನ, 2007ರ ಆವೃತ್ತಿಯಿಂದ ಸಾಮಾನ್ಯವಾಗಿ 14 ದಿನ, ಹಿಡಿದಿಡುತ್ತದೆ. ಆಮೇಲೂ ಡೇಟಾಬೇಸ್ ಫೈಲ್ ಕುಗ್ಗುವುದಿಲ್ಲ. ಒಳಗೆ ಖಾಲಿಯಾದ ಜಾಗಕ್ಕೆ ಹೊಸ ಪತ್ರಗಳು ಬಂದು ಕೂರುತ್ತವೆ.

ಅಲ್ಲಿಯವರೆಗೆ, ಬೆಳಿಗ್ಗೆ ದೂರು ತಂದವರ ಮಿತಿಯನ್ನು ಒಂದು ವಾರದ ಮಟ್ಟಿಗೆ ಸ್ವಲ್ಪ ಏರಿಸಿಕೊಡಿ. ಅವರಿಗೆ ಬರಬೇಕಾದ ಪತ್ರ ಮೊದಲು ಬರಲಿ.