ಸಂತೆಯಲ್ಲಿ ಈಳಿಗೆಮಣೆ ಕೊಳ್ಳುವಾಗ



ಕುಡುಗೋಲು ಕೊಳ್ಳುವಾಗ ಹಿಡಿ ಹಿಡಿದು, ಬೀಸಿ ನೋಡುತ್ತೀರಿ. ಮನೆಯ ಈಳಿಗೆಮಣೆಗೆ ಮಾತ್ರ ಬೆಲೆಯೊಂದನ್ನೇ ಕೇಳುತ್ತೀರಿ. ದಿನವೂ ಅದರ ಮುಂದೆ ಕೂರುವವರು ಹೆಂಗಸರು. ಅವರನ್ನೇ ಸಂತೆಗೆ ಕರೆದೊಯ್ಯಿರಿ. ಮಣೆಯನ್ನು ಸಮನೆಲದ ಮೇಲಿಟ್ಟು ಅವರೇ ಕುಳಿತು ನೋಡಲಿ. ಮಣೆ ಕುಂಟಿದರೆ, ಅಲಗು ಬುಡದಲ್ಲಿ ಅಲುಗಿದರೆ ಬೇಡವೇ ಬೇಡ. ಕುಂಬಳಕಾಯಿ ಒತ್ತುವಾಗ ಬೆರಳು ಹೋದೀತು. ಮೊಂಡು ಅಲಗೂ ಅಪಾಯವೇ; ಬಲ ಹಾಕಿದಷ್ಟೂ ಕೈ ಜಾರುತ್ತದೆ.

ಸ್ಟೇನ್‌ಲೆಸ್ ಅಲಗಿಗೆ ತುಕ್ಕು ಕಡಿಮೆ. ಆದರೂ ನನ್ನ ಮತ ಕುಲುಮೆಯಲ್ಲಿ ಹದ ಹಾಕಿದ ಉಕ್ಕಿಗೇ. ಮನೆಯ ಸಾಣೆಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ. ಅದರಲ್ಲಿ ಹೆಚ್ಚಿದ ಬಾಳೆಕಾಯಿ ಕಪ್ಪಾಗುವುದು ನಿಜ. ಹೋಳನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕಿ. ಕೆಲಸ ಮುಗಿದೊಡನೆ ಅಲಗನ್ನು ತೊಳೆದು, ಒರೆಸಿ, ತುಸು ಎಣ್ಣೆ ಸವರಿ. ಮಕ್ಕಳಿರುವ ಮನೆಯಲ್ಲಿ ಅಲಗು ಗೋಡೆಯ ಕಡೆಗಿರುವಂತೆ ಮಲಗಿಸಿಡಿ.